ಎಪ್ಪತ್ತಾರೂವರೆ ಅಡಿ

ಜನವರಿ 7, ಮಂಗಳವಾರ

ಇದು ಎರಡನೆಯ ಪುಸ್ತಕ. ಮೊದಲನೆಯದು ಕೋಚ್ ಪ್ರುಯಿಟ್ ಎಲ್ಲರಿಗೂ ಹಂಚಿರುವ ನೀಲಿ ಪುಸ್ತಕ. ಅದರಲ್ಲಿ ದಿನಕ್ಕೆ ನಾಲ್ಕು ಮನೆ: ನಿದ್ದೆ, ನೋವು, ಊಟ, ಭಯ. ಶುಕ್ರವಾರ ಶುಕ್ರವಾರ ತೋರಿಸಿ ಸಹಿ ಹಾಕಿಸಿಕೊಳ್ಳಬೇಕು. ಇವತ್ತು ನಾನು ತುಂಬಿದ್ದು ಹೀಗೆ. ನಿದ್ದೆ: ಧಾರಾಳ. ನೋವು: ಸಂಖ್ಯಾಶಾಸ್ತ್ರದ ಕ್ಲಾಸಿನಲ್ಲಿ, ಸರ್ವಾಂಗ. ಊಟ: ಹಾಟ್‌ಡಿಶ್, ಅಂದರೆ ಮಾಂಸ, ಆಲೂಗಡ್ಡೆ ಸೇರಿಸಿ ಬೇಯಿಸಿದ್ದು, ಮೂರು ಸಲ ಬಡಿಸಿಕೊಂಡು. ಭಯ: ಕ್ಯಾಂಟೀನಿನ ಮೀನು.

ಸತ್ಯಕ್ಕೆ ಈ ಕೆಂಪು ಪುಸ್ತಕ. ಸಾವಿರ ವರ್ಷದ ನಂತರ ಮಿನೆಸೋಟಾದ ಮಂಜನ್ನು ಅಗೆದು ಇದನ್ನು ಹೊರತೆಗೆಯುವ ಪಂಡಿತರ ಅನುಕೂಲಕ್ಕಾಗಿ ಕೆಲವು ಮಾತು.

ನಾನು ಸಿಗ್ರಿಡ್ ಹಾಲ್ವರ್ಸನ್. ಕಾಲೇಜಿನ ಕೊನೆಯ ವರ್ಷ. ಹೆಣ್ಣುಮಕ್ಕಳ ಜಿಮ್ನಾಸ್ಟಿಕ್ಸ್ ತಂಡದಲ್ಲಿ ವಾಲ್ಟ್‌ಗೆ ಏಳನೆಯವಳು. ಓಡಿ ಬಂದು, ಮೇಜಿನ ಮೇಲೆ ಕೈ ಊರಿ, ಗಾಳಿಯಲ್ಲಿ ಸುತ್ತಿ ಇಳಿಯುವ ಆ ಆಟಕ್ಕೆ ತಂಡದಿಂದ ಆರು ಜನ. ಆರರಲ್ಲಿ ಒಳ್ಳೆಯ ಐದು ಅಂಕ ಲೆಕ್ಕಕ್ಕೆ. ಎಲ್ಲ ಮುಗಿದ ಮೇಲೆ ಏಳನೆಯವಳು ಪ್ರದರ್ಶನಕ್ಕೆಂದು ಒಂದು ಸಲ ಜಿಗಿಯಬಹುದು. ಅಷ್ಟು ಹೊತ್ತಿಗೆ ಜನ ಪಾಪ್‌ಕಾರ್ನ್ ತರಲು ಎದ್ದಿರುತ್ತಾರೆ. ಮೂರು ವರ್ಷದಲ್ಲಿ ಹೀಗೆ ಮೂವತ್ತೊಂದು ಸಲ ಜಿಗಿದಿದ್ದೇನೆ. ಲೆಕ್ಕಕ್ಕೆ ಬಂದದ್ದು ಸೊನ್ನೆ.

ಕೈಲಾಗದವಳು ಅಂತ ಪಂಡಿತರು ಭಾವಿಸಬಾರದು. ನಾನು ಗಾಳಿಯಲ್ಲಿ ಒಂದು ಸುತ್ತು ಸುತ್ತಿ, ನೆಲಕ್ಕೆ ಮೊಳೆ ಹೊಡೆದ ಹಾಗೆ ನಿಲ್ಲುತ್ತೇನೆ. ತೊಂದರೆ ಏನೆಂದರೆ ಒಂದು ಸುತ್ತಿನ ಜಿಗಿತಕ್ಕೆ ಜಡ್ಜ್‌ಗಳು ಎಣಿಕೆ ಶುರು ಮಾಡುವುದೇ 9.95ರಿಂದ. ಒಂದೂವರೆ ಸುತ್ತಿಗೆ ಪೂರ್ತಿ 10ರಿಂದ. ಅಲ್ಲಿಂದ ಕೆಳಕ್ಕೆ ಕಳೆಯುತ್ತಾ ಬರುತ್ತಾರೆ: ಮೊಣಕಾಲು ಬಾಗಿತು, ಪಾದ ಬಿಚ್ಚಿತು, ಇಳಿದ ಮೇಲೆ ಹೆಜ್ಜೆ ಸರಿಯಿತು. ಹೋದ ವರ್ಷ ನಾವು ಪ್ರಾದೇಶಿಕ ಸ್ಪರ್ಧೆಗೆ ಹೋಗುವುದು ಕೂದಲೆಳೆಯಲ್ಲಿ ತಪ್ಪಿತು. ಅದಕ್ಕೆ ಇವತ್ತು ಕೋಚ್ ಹೊಸ ಶಾಸನ ಹೊರಡಿಸಿದ್ದಾರೆ.

"ಈ ವರ್ಷ ಹತ್ತರಿಂದ ಶುರುವಾಗೋ ಜಿಗಿತ ಮಾತ್ರ ಸಾಲಲ್ಲಿ. ಒಂಬತ್ತು ತೊಂಬತ್ತೈದಕ್ಕೆ ಜಾಗ ಇಲ್ಲ. ಸಿಗ್ರಿಡ್, ಗೊತ್ತಾಯ್ತಾ?"

"ಗೊತ್ತಾಯ್ತು ಕೋಚ್. ಐದು ನೂರನೇ ಭಾಗಕ್ಕೆ ನನ್ನ ತಲೆ ಹೋಯ್ತು."

"ತಲೆ ಇಟ್ಕೋ. ಅರ್ಧ ಸುತ್ತು ಜಾಸ್ತಿ ಮಾಡು."

ಒಂದೂವರೆ ಸುತ್ತಿನಲ್ಲಿ ಕಾಲು ಊರುವ ಕೊನೆಯ ಕ್ಷಣದವರೆಗೂ ನೆಲ ಕಾಣುವುದಿಲ್ಲ. ಎರಡನೇ ವರ್ಷದಲ್ಲಿ ಒಮ್ಮೆ ಮಾಡಿ ನೋಡಿದೆ. ಆ ಸುದ್ದಿ ಬೇಡ.

ಆರನೆಯ ಜಾಗ ಹೊಸ ಹುಡುಗಿಗೆ ಹೋಯಿತು. ಡ್ಯಾನಿಕಾ ವೋಸ್, ನೆವಾಡಾದವಳು, ಮೊದಲ ವರ್ಷ, ಮೊನ್ನೆ ತಾನೇ ಸೇರಿದವಳು. ಫಿರಂಗಿಯಿಂದ ಬಿಟ್ಟ ಹಾಗೆ ಮೇಲೆ ಹೋಗುತ್ತಾಳೆ, ಒಂದೂವರೆ ಸುತ್ತು ಸುತ್ತುತ್ತಾಳೆ, ಇಳಿದ ಮೇಲೆ ಬಸ್ ತಪ್ಪಿಸಿಕೊಂಡವಳ ಹಾಗೆ ನಾಲ್ಕು ಹೆಜ್ಜೆ ಓಡುತ್ತಾಳೆ.

ನನಗೂ ಒಂದು ಪದವಿ ಇದೆ. ಸ್ಪರ್ಧೆಯಲ್ಲಿ ಯಾರಾದರೂ ಹೆಜ್ಜೆ ಸರಿಸದೆ ಅಂಟಿಕೊಂಡು ಇಳಿದರೆ ಅವರ ಕೈಗೆ ನಮ್ಮ ತಂಡ ಬಂಗಾರದ ಬಣ್ಣ ಬಳಿದ ಪ್ಲಂಜರ್ ಕೊಡುತ್ತದೆ. ಹೌದು, ಕಕ್ಕಸಿನ ಪೈಪು ಕಟ್ಟಿಕೊಂಡಾಗ ಒತ್ತುವುದೇ. ಘನತೆವೆತ್ತ ಪ್ಲಂಜರ್ ಪ್ರಭುಗಳ ಆಜೀವ ಪಾಲಕಿ, ಹೊತ್ತೊಯ್ಯುವವಳು, ಒರೆಸಿಡುವವಳು ನಾನು. ಪಡೆದವಳಲ್ಲ.

ಜನವರಿ 13, ಸೋಮವಾರ

ಕಾರ್ಯಾಚರಣೆ ಸಂಪೂರ್ಣ ಯಶಸ್ವಿ. ವಿವರ ಇತಿಹಾಸಕ್ಕೆ.

ವಾಲ್ಟ್ ಮಾಡುವ ಪ್ರತಿಯೊಬ್ಬಳಿಗೂ ಓಟ ಶುರುಮಾಡುವ ಜಾಗ ಬೇರೆ. ಓಡುವ ಪಟ್ಟಿಯ ಪಕ್ಕ ಅಳತೆ ಟೇಪು ಹಾಸಿರುತ್ತದೆ. ನನ್ನದು ಎಪ್ಪತ್ತಮೂರು ಅಡಿ. ಡ್ಯಾನಿಕಾಳದು ಎಪ್ಪತ್ತಾರೂವರೆ. ಅಲ್ಲಿ ಕೈ ಜಾರದಿರಲು ಹಚ್ಚುವ ಸೀಮೆಸುಣ್ಣದ ಪುಡಿಯಿಂದ ಒಂದು ಗೆರೆ ಎಳೆದುಕೊಳ್ಳುತ್ತೇವೆ. ಆ ಗೆರೆಯ ಮೇಲೆ ಕಾಲಿಟ್ಟು ಓಡಿದರೆ ಹೆಜ್ಜೆಗಳು ಸರಿಯಾಗಿ ಕೂಡಿ ಸ್ಪ್ರಿಂಗ್ ಹಲಗೆಗೆ ಬರುತ್ತವೆ. ನಾಲ್ಕು ಬೆರಳು ಆಚೀಚೆಯಾದರೂ ಕಾಲಿಗೆ ಗೊತ್ತಾಗುತ್ತದೆ.

ಎಲ್ಲರೂ ನೀರು ಕುಡಿಯಲು ಹೋದಾಗ ನಾನು ಎಪ್ಪತ್ತನಾಲ್ಕರಿಂದ ಎಪ್ಪತ್ತೊಂಬತ್ತರವರೆಗೆ ಇಪ್ಪತ್ತು ಗೆರೆ ಎಳೆದೆ. ಒಂದೇ ಉದ್ದ, ಒಂದೇ ದಪ್ಪ, ಅವಳಿಜವಳಿಗಳ ಮೆರವಣಿಗೆ. ಟೇಪಿನ ಮೇಲೆ ನನ್ನ ಟವೆಲ್ ಅಕಸ್ಮಾತ್ತಾಗಿ ಬಿದ್ದಿತ್ತು.

ಡ್ಯಾನಿಕಾ ಬಂದಳು. ನೋಡಿದಳು. ಅಷ್ಟು ಗೆರೆ ಕಂಡು ಕಣ್ಣು ಪಿಳಿಪಿಳಿ ಬಿಟ್ಟಳು. ಆಮೇಲೆ ಒಂದನ್ನು ಆರಿಸಿಕೊಂಡು ಓಡಿಯೇ ಬಿಟ್ಟಳು! ಹಲಗೆಯ ಹತ್ತಿರ ಕಾಲು ತಡವರಿಸಿ, ಮೇಜಿಗೆ ಎರಡೂ ಕೈ ಒತ್ತಿ ನಿಂತಳು, ಕೆಟ್ಟ ಕಾರನ್ನು ತಳ್ಳುವವಳ ಹಾಗೆ. ಜಿಮ್ಮಿಗೆ ಜಿಮ್ಮೇ ನಕ್ಕಿತು. ಇಮಾನಿಗೆ ಬಿಕ್ಕಳಿಕೆ ಬಂತು. (ಇಮಾನಿ ನನ್ನ ರೂಮಿನವಳು, ನಮ್ಮ ತಂಡದ ನಾಯಕಿ, ಪ್ರಭುಗಳನ್ನು ಒಂಬತ್ತು ಸಲ ಪಡೆದವಳು.) ಡ್ಯಾನಿಕಾ ಕೂಡ ನಕ್ಕಳು. "ಚೆನ್ನಾಗಿತ್ತು ಸಿಗ್" ಅಂದಳು.

ಕೋಚ್ ನಗಲಿಲ್ಲ. "ಬಟ್ಟೆ ತಗೋ. ಒದ್ದೆ ಮಾಡ್ಕೋ. ಒರೆಸು."

"ಎಲ್ಲಾ ಗೆರೆನಾ ಕೋಚ್?"

"ಅವಳದ್ದು ಯಾವುದು ಅಂತ ನಿಂಗೆ ಗೊತ್ತಿದ್ರೆ ಅದೊಂದು ಬಿಡು."

ಗೊತ್ತಿರಲಿಲ್ಲ. ಎಲ್ಲವನ್ನೂ ಒರೆಸಿದೆ.

ಜನವರಿ 18, ಶನಿವಾರ

ಮೊದಲ ಸ್ಪರ್ಧೆ, ನಮ್ಮದೇ ಕಾಲೇಜಿನ ಜಿಮ್ಮಿನಲ್ಲಿ. ಡ್ಯಾನಿಕಾ: ಎತ್ತರ ಅದ್ಭುತ, ಇಳಿದ ಮೇಲೆ ಒಂದು ದೊಡ್ಡ ಹೆಜ್ಜೆ, ಇನ್ನೊಂದು ಸಣ್ಣದು. 9.775. ಲೆಕ್ಕಕ್ಕೆ.

ನಾನು, ಏಳನೆಯವಳು: ಒಂದು ಸುತ್ತು, ಹೆಜ್ಜೆ ಇಲ್ಲ. ಬೋರ್ಡಿನಲ್ಲಿ ಏನೂ ಬರಲಿಲ್ಲ. ಒಬ್ಬ ಜಡ್ಜ್ ತನ್ನ ಅಭ್ಯಾಸಕ್ಕೆಂದು 9.9 ಬರೆದುಕೊಂಡಿದ್ದನ್ನು ಇಮಾನಿ ಕತ್ತು ಚಾಚಿ ನೋಡಿ ಬಂದು ಹೇಳಿದಳು. ಲೆಕ್ಕಕ್ಕಿಲ್ಲದ ಅಂಟಿಗೆ ಪ್ರಭುಗಳ ದರ್ಶನವೂ ಇಲ್ಲ, ಅದು ನಿಯಮ. ನಿಯಮ ಮಾಡಿದವಳು ನಾನೇ. ಮೊದಲ ವರ್ಷದಲ್ಲಿ, ಬಹಳ ಗಂಭೀರವಾಗಿ.

ಸ್ಪರ್ಧೆಯ ವಿಡಿಯೋ ನೋಡಿ ಅಮ್ಮ ಫೋನ್ ಮಾಡಿದ್ದಳು. ವಾರವೆಲ್ಲ ಹಲ್ಲಿನ ಡಾಕ್ಟರ ಹತ್ತಿರ ಕೆಲಸ, ಶನಿವಾರ ಸಣ್ಣ ಮಕ್ಕಳ ಸ್ಪರ್ಧೆಗಳಿಗೆ ಜಡ್ಜ್. ನಮ್ಮ ಮನೆಯಲ್ಲಿ ಹುಟ್ಟುಹಬ್ಬದ ಕೇಕಿಗೂ ಅಂಕ ಕಳೆಯುತ್ತಿದ್ದರು.

"ಇಳಿದಾಗ ಎಡಗೈ ಯಾಕೆ ಆಡಿಸ್ದೆ?"

"ನಿಂಗೆ ಟಾಟಾ ಮಾಡಿದೆ ಅಮ್ಮ."

"ಸೊನ್ನೆ ಪಾಯಿಂಟ್ ಸೊನ್ನೆ ಐದು."

"ಅಮ್ಮ, ಅದು ಲೆಕ್ಕಕ್ಕೇ ಇಲ್ಲ."

"ನನ್ನ ಲೆಕ್ಕಕ್ಕೆ ಇದೆ."

ಹತ್ತು ಜನ ನೋಡುವಂತೆ ಎರಡು ಹೆಜ್ಜೆ ಸರಿದವಳು ಒಳಗೆ, ಕದಲದೆ ನಿಂತವಳು ಹೊರಗೆ. ಇದನ್ನು ನಾನು ಬೇಸರದಿಂದ ಬರೆಯುತ್ತಿಲ್ಲ; ಪಂಡಿತರ ಮಾಹಿತಿಗಾಗಿ ಬರೆಯುತ್ತಿದ್ದೇನೆ.

ಜನವರಿ 29, ಬುಧವಾರ

ಡ್ಯಾನಿಕಾ ಇವತ್ತು ಓಡಿ ಬಂದು ನಿಂತಳು. ಹಲಗೆಗೆ ಎರಡು ಹೆಜ್ಜೆ ಇರುವಾಗ. ಮತ್ತೆ ಹಿಂದಕ್ಕೆ ಹೋಗಿ, ಮಂಡಿಯೂರಿ ಟೇಪು ನೋಡಿ, ಗೆರೆ ಎಳೆದು, ಓಡಿ ಬಂದು, ನಿಂತಳು. ಮೂರನೇ ಸಲವೂ.

"ಮೇಜು ಕಚ್ಚಲ್ಲ ಕಣೇ" ಅಂದೆ ನಾನು. ಇಬ್ಬರು ನಕ್ಕರು.

ನಾಲ್ಕನೇ ಸಲ ಜಿಗಿದಳು. ಕೋಚ್ ತಮ್ಮ ರಟ್ಟಿಗೆ ಸಿಕ್ಕಿಸಿದ ಕಾಗದದಲ್ಲಿ ಏನೋ ಬರೆದುಕೊಂಡರು.

ಫೆಬ್ರವರಿ 4, ಮಂಗಳವಾರ

ಒಂಬತ್ತು ಓಟ. ಏಳು ಸಲ ನಿಂತಳು.

ಓಡಿ ಬಂದು, ಪಲ್ಟಿ ಹೊಡೆದು, ಹಿಮ್ಮುಖವಾಗಿ ಮೇಜಿಗೆ ಹೋಗುವ ಜಿಗಿತ ಇದು. ಹಲಗೆಯ ಮೇಲೆ ಮನಸ್ಸು ಬದಲಾಯಿಸಿದರೆ ಕುತ್ತಿಗೆ ಮುರಿಯಬಹುದು. ಅದಕ್ಕೇ ನಿಲ್ಲುವವರನ್ನು ಯಾರೂ ಬೈಯುವುದಿಲ್ಲ. ಸ್ಪರ್ಧೆಯಲ್ಲಿ ಹಲಗೆಯನ್ನೋ ಮೇಜನ್ನೋ ಮುಟ್ಟಿ ನಿಂತರೆ ಮಾತ್ರ ಸೊನ್ನೆ.

ಅವಳು ಟೇಪನ್ನು ಎರಡೆರಡು ಸಲ ಓದುತ್ತಾಳೆ. ಗೆರೆ ಎಳೆಯುತ್ತಾಳೆ. ನಾಲ್ಕು ಹೆಜ್ಜೆ ಹಿಂದೆ ಹೋಗಿ ನೋಡುತ್ತಾಳೆ. ಬಂದು ಮತ್ತೆ ಓದುತ್ತಾಳೆ.

ಕೊನೆಯಲ್ಲಿ ಕೋಚ್ ನನ್ನನ್ನು ಕರೆದರು. "ಶನಿವಾರ ನೀನು ಆರನೆಯವಳು. ನಿನ್ನ ಒಂಬತ್ತು ತೊಂಬತ್ತೈದೇ ಇರಲಿ."

"ಶಾಸನ ಏನಾಯ್ತು ಕೋಚ್?"

"ಹತ್ತರಿಂದ ಶುರುವಾಗ್ಬೇಕಾದ್ರೆ ಮೊದಲು ಶುರುವಾಗ್ಬೇಕಲ್ಲ."

ನನಗೆ ಜಾಗ ಸಿಕ್ಕಿತು! ಮೂರು ವರ್ಷ, ಮೂವತ್ತೆರಡು ಸಲ, ಕೊನೆಗೂ. ಇಮಾನಿ ನನ್ನನ್ನು ಎತ್ತಿ ಗಿರಗಿರ ತಿರುಗಿಸಿದಳು. ಅಮ್ಮನಿಗೆ ಫೋನ್ ಮಾಡಿ ಕಿರುಚಿದೆ. ಹಾಟ್‌ಡಿಶ್ ಎರಡು ತಟ್ಟೆ ತಿಂದೆ. ಇನ್ನೇನು ಬರೆಯಬೇಕೋ ತಿಳಿಯುತ್ತಿಲ್ಲ.

ಫೆಬ್ರವರಿ 8, ಶನಿವಾರ

9.825. ಒಂದು ಸಣ್ಣ ಪುಟಿತ. ಲೆಕ್ಕಕ್ಕೆ ಬಂತು.

ಪ್ರಭುಗಳನ್ನು ನನ್ನ ಬದಲು ಹಿಡಿದುಕೊಂಡು ನಿಂತವಳು ಡ್ಯಾನಿಕಾ. ಯಾರಾದರೂ ಹೊಸಬರು ಹಿಡಿಯಬೇಕಲ್ಲ. ಎರಡೂ ಕೈಯಲ್ಲಿ, ಎದೆಗೆ ಒತ್ತಿ, ನಾನು ಹೇಳಿಕೊಟ್ಟ ಹಾಗೇ ಗಂಭೀರವಾಗಿ ಹಿಡಿದಿದ್ದಳು. ನಗು ಬರಬೇಕಿತ್ತು.

ಅಮ್ಮ: "ಅವಸರ ಮಾಡ್ದೆ. ಯಾರು ಅಟ್ಟಿಸ್ಕೊಂಡು ಬರ್ತಿದ್ರು?"

ಫೆಬ್ರವರಿ 12, ಬುಧವಾರ

ಬೆಳಿಗ್ಗೆ ಏಳಕ್ಕೆ ನನ್ನ ಮೊಣಕೈ ಪಟ್ಟಿ ಮರೆತಿದ್ದೆನೆಂದು ಜಿಮ್ಮಿಗೆ ಹೋದೆ. ಡ್ಯಾನಿಕಾ ಒಬ್ಬಳೇ. ಜಿಗಿಯುತ್ತಿರಲಿಲ್ಲ. ಗೆರೆಯ ಮೇಲೆ ಕಾಲಿಟ್ಟುಕೊಂಡು ಮೇಜನ್ನು ನೋಡುತ್ತಾ ನಿಂತಿದ್ದಳು.

ತಮಾಷೆ ಮಾಡೋಣ ಅಂತಲೇ ಬಾಯಿ ತೆಗೆದೆ. ಬಂದದ್ದು ಬೇರೆ.

"ಅವತ್ತು ನಾನು ಎಳೆದಿದ್ನಲ್ಲ, ಇಪ್ಪತ್ತು ಗೆರೆ. ಅದರಿಂದನಾ?"

"ಇಲ್ಲ" ಅಂದಳು. ಆಮೇಲೆ, "ಗೊತ್ತಿಲ್ಲ." ಆಮೇಲೆ, "ಓಡ್ತಾ ಓಡ್ತಾ ತಲೆ ಕೇಳುತ್ತೆ, ಅದು ನಂದೇ ಗೆರೆನಾ ಅಂತ. ನಂದೇ ಅಂತ ನಂಗೂ ಗೊತ್ತು, ಈಗ ತಾನೇ ಅಳೆದಿರ್ತೀನಿ. ಆದ್ರೆ ಒಂದ್ಸಲ ಕೇಳಿದ್ಮೇಲೆ ಕಾಲು ನಿಂತುಬಿಡುತ್ತೆ."

"ಅವತ್ತು ನಕ್ಕೆಯಲ್ಲ ನೀನು!"

"ಎಲ್ಲರೂ ನಗ್ತಿದ್ರು. ನಾನಿಲ್ಲಿಗೆ ಬಂದು ಹತ್ತು ದಿನ ಆಗಿತ್ತು."

ನಾನು ಮೊಣಕೈ ಪಟ್ಟಿ ತೆಗೆದುಕೊಂಡು ಬಂದೆ.

ಫೆಬ್ರವರಿ 13, ಗುರುವಾರ

ನೀಲಿ ಪುಸ್ತಕದಲ್ಲಿ 'ಭಯ' ಅನ್ನುವ ಮನೆ ಇವತ್ತು ಖಾಲಿ ಬಿಟ್ಟೆ. ಜೋಕು ಹೊಳೆಯಲಿಲ್ಲ.

ಇನ್ನೊಂದು ವಿಷಯ, ಯಾಕೆ ಬರೆಯುತ್ತಿದ್ದೇನೋ. ಎರಡನೇ ವರ್ಷದಲ್ಲಿ ಒಂದೂವರೆ ಸುತ್ತು ಮಾಡಿದಾಗ ನಾನು ಬೀಳಲಿಲ್ಲ. ಸರಿಯಾಗಿಯೇ ಇಳಿದೆ, ಎರಡು ಹೆಜ್ಜೆ ಅಷ್ಟೇ. ಎಲ್ಲರೂ ಚಪ್ಪಾಳೆ ತಟ್ಟಿದರು. ಮೊಣಕಾಲು ನೋಯುತ್ತಿದೆ ಅಂತ ಸುಳ್ಳು ಹೇಳಿ ಮತ್ತೆಂದೂ ಮಾಡಲಿಲ್ಲ. ನೆಲ ಎಲ್ಲಿದೆ ಅಂತ ಗೊತ್ತಿಲ್ಲದ ಆ ಅರ್ಧ ಸೆಕೆಂಡು ನನಗೆ ಬೇಡವಾಗಿತ್ತು. ಅದನ್ನು ಈ ಹುಡುಗಿ ದಿನಕ್ಕೆ ಹನ್ನೆರಡು ಸಲ ಮಾಡುತ್ತಿದ್ದಳು.

ಫೆಬ್ರವರಿ 17, ಸೋಮವಾರ

ಹೊಸ ವಿಧಾನ. ಗೆರೆಯೇ ಬೇಡ. ಎಪ್ಪತ್ತಾರೂವರೆ ಅಡಿಯ ಹತ್ತಿರ, ಪಟ್ಟಿಯ ಅಂಚಿನಲ್ಲಿ, ನಾನೇ ನಿಲ್ಲುವುದು. ಟೇಪನ್ನು ಅವಳ ಎದುರಿಗೇ ಓದಿ, ಎಡಗಾಲಿನ ಹೆಬ್ಬೆರಳು ಅಂಕಿಯ ಮೇಲಿಟ್ಟು.

"ನೀನೇನು ಕಂಬನಾ?" ಅಂದಳು ಇಮಾನಿ.

"ಗಡಿಕಲ್ಲು. ದಯವಿಟ್ಟು ಗೌರವದಿಂದ ಮಾತಾಡು."

ಡ್ಯಾನಿಕಾ ನನ್ನ ಹೆಬ್ಬೆರಳ ಪಕ್ಕ ತನ್ನ ಕಾಲಿಟ್ಟಳು. "ಇದೇನಾ?"

"ಇದೇ."

ಓಡಿದಳು. ನಿಂತಳು. ಮತ್ತೆ ಬಂದಳು. "ಇದೇನಾ?" "ಇದೇ." ನಿಂತಳು. ಐದನೇ ಸಲ ಹೋದಳು. ಬರೀ ಅರ್ಧ ಜಿಗಿತ, ಸ್ಪಂಜಿನ ಗುಂಡಿಗೆ. ಆದರೂ ಹೋದಳು.

ಫೆಬ್ರವರಿ 20, ಗುರುವಾರ

ಹನ್ನೊಂದು ಓಟ. ಆರು ಸಲ ಹೋದಳು.

ಫೆಬ್ರವರಿ 22, ಶನಿವಾರ

ಸ್ಪರ್ಧೆ, ಊರಾಚೆ. ನನ್ನದು 9.800. ಪುಟಿತ ಮತ್ತು ಅರ್ಧ ಹೆಜ್ಜೆ. ಅಭ್ಯಾಸದಲ್ಲಿ ಹತ್ತಕ್ಕೆ ಎಂಟು ಸಲ ಅಂಟುವವಳು, ಲೆಕ್ಕ ಅನ್ನುವುದು ಶುರುವಾದ ತಕ್ಷಣ ಬಿಸಿ ಕಾವಲಿಯ ಮೇಲೆ ಇಳಿದವಳ ಹಾಗೆ ಕುಣಿಯುತ್ತೇನೆ.

ಬಸ್ಸಿನಲ್ಲಿ ಕೋಚ್ ನನ್ನ ಪಕ್ಕ ಕೂತರು. "ಆ ಹುಡುಗಿ ಜಿಗಿಯೋಕೆ ಶುರು ಮಾಡಿದ್ರೆ ಜಾಗ ಅವಳಿಗೆ ಹೋಗುತ್ತೆ. ನಿಂಗೆ ಗೊತ್ತಲ್ಲ?"

"ಗೊತ್ತು ಕೋಚ್. ನಾನು ಕಲ್ಲು, ಕಲ್ಲಿಗೆ ಮಹತ್ವಾಕಾಂಕ್ಷೆ ಇರಲ್ಲ."

"ನಾನು ಜೋಕ್ ಕೇಳ್ಲಿಲ್ಲ."

ಕಿಟಕಿಯ ಹೊರಗೆ ಬರೀ ಮಂಜು. ಗೊತ್ತು ಅಂತ ಇನ್ನೊಮ್ಮೆ ಹೇಳಿದೆ.

ಮಾರ್ಚ್ 2, ಭಾನುವಾರ

ಅಮ್ಮನ ಫೋನು. ನನ್ನ 9.850 (ನಿನ್ನೆ; ಇದುವರೆಗಿನ ಅತ್ಯುತ್ತಮ; ಒಂದು ಸಣ್ಣ ಪುಟಿತ) ಬಗ್ಗೆ ಮಾತು ಮುಗಿಸಿ, ಡ್ಯಾನಿಕಾ ಬಗ್ಗೆ ಕೇಳಿದಳು. ಹೇಳಿದೆ. ಗೆರೆಗಳ ಕಥೆಯನ್ನೂ.

ಇದಕ್ಕೆ ಅಮ್ಮ ಎಷ್ಟು ಕಳೆಯುತ್ತಾಳೋ ಅಂದುಕೊಂಡೆ.

"ಆ ಮಗು ಓಡೋವಾಗ ನೀನು ಏನು ನೋಡ್ತೀಯಾ?" ಅಂತ ಕೇಳಿದಳು.

"ಕಾಲು. ಮೂರನೇ ಹೆಜ್ಜೆ. ಮೂರನೇ ಹೆಜ್ಜೆ ಗಟ್ಟಿಯಾಗಿ ಬಿದ್ರೆ ಹೋಗ್ತಾಳೆ, ಮೆತ್ತಗೆ ಬಿದ್ರೆ ನಿಲ್ತಾಳೆ. ಎರಡನೇ ಹೆಜ್ಜೆಗೇ ಭುಜದಲ್ಲಿ ಗೊತ್ತಾಗಿಬಿಡುತ್ತೆ, ಅಮ್ಮ, ಎಡ ಭುಜ ಸ್ವಲ್ಪ ಮೇಲೆ ಬರುತ್ತೆ..."

"ಹೂಂ" ಅಂದಳು.

ಮಾರ್ಚ್ 12, ಬುಧವಾರ

ಹನ್ನೆರಡರಲ್ಲಿ ಹನ್ನೆರಡು. ಪೂರ್ತಿ ಜಿಗಿತ, ಒಂದೂವರೆ ಸುತ್ತು, ಗಟ್ಟಿ ಮ್ಯಾಟಿಗೆ. ಇಳಿದ ಮೇಲೆ ಒಂದೇ ಹೆಜ್ಜೆ, ಕೆಲವೊಮ್ಮೆ ಅರ್ಧ. ಓಡುವುದು ನಿಂತಿದೆ.

ಹದಿಮೂರನೆಯದಕ್ಕೆ ನನ್ನನ್ನು ಫಿಸಿಯೋ ಕರೆದರೆಂದು ಹೋದೆ. ವಾಪಸ್ ಬಂದಾಗ ಇಮಾನಿ ಹೇಳಿದಳು, ಡ್ಯಾನಿಕಾ ನಾಲ್ಕು ಸಲ ನಿಂತಳಂತೆ.

ಮಾರ್ಚ್ 20, ಗುರುವಾರ

ನಾಡಿದ್ದು ಶನಿವಾರ ಕೊನೆಯ ಸ್ಪರ್ಧೆ. ನಾಲ್ಕು ತಂಡ, ನಮ್ಮ ಜಿಮ್ಮಿನಲ್ಲಿ. ಒಟ್ಟು 195.800 ಬಂದರೆ ಪ್ರಾದೇಶಿಕಕ್ಕೆ ಹೋಗುತ್ತೇವೆ. ಬರದಿದ್ದರೆ ಶನಿವಾರ ಸಂಜೆಗೆ ಎಲ್ಲ ಮುಗಿಯಿತು, ನನಗಂತೂ ಶಾಶ್ವತವಾಗಿ. ಚೀಟಿ ಎತ್ತಿದಾಗ ನಾಲ್ಕು ಆಟಗಳಲ್ಲಿ ನಮಗೆ ವಾಲ್ಟ್ ಕೊನೆಗೆ ಬಂತು.

ಕೋಚ್ ಹೆಸರುಗಳ ಪಟ್ಟಿ ಅಂಟಿಸಿದ್ದಾರೆ. ಆರನೆಯವಳು: ಹಾಲ್ವರ್ಸನ್. ಪ್ರದರ್ಶನಕ್ಕೆ: ವೋಸ್.

"ಕೊನೇ ವರ್ಷದವಳು ಅಂತ ಕರುಣೆನಾ ಕೋಚ್?"

"ನೀನು ನಿಲ್ಲಲ್ಲ ಅಂತ ಗೊತ್ತು. ಅವಳು ನಿಲ್ಲಲ್ಲ ಅಂತ ಗೊತ್ತಿಲ್ಲ. ಅಷ್ಟೇ."

ಅಮ್ಮ ಬರುತ್ತಿದ್ದಾಳೆ, ನಾಲ್ಕು ಗಂಟೆ ಕಾರು ಓಡಿಸಿಕೊಂಡು.

ಮಾರ್ಚ್ 22, ಶನಿವಾರ

ಕ್ರಮವಾಗಿ ಬರೆಯುತ್ತೇನೆ.

ಉಳಿದ ಆಟಗಳು, ಬಾರ್, ಬೀಮ್, ಫ್ಲೋರ್, ಮೂರೂ ಚೆನ್ನಾಗಿಯೇ ಹೋದವು. ವಾಲ್ಟಿನಲ್ಲಿ ಮೊದಲ ಮೂವರು ಚೆನ್ನಾಗಿ ಮಾಡಿದರು. ನಾಲ್ಕನೆಯವಳಾಗಿ ಇಮಾನಿ, ನಮ್ಮ ಇಮಾನಿ, ಒಂಬತ್ತು ಸಲದ ಇಮಾನಿ, ಇಳಿದು ಹಿಂದಕ್ಕೆ ಕೂತುಬಿಟ್ಟಳು. ಐದನೆಯವಳು ಸರಿ. ಅಂದರೆ ಇಮಾನಿಯ ಅಂಕ ಬಿಡಬೇಕು, ಆರನೆಯದು ಹಿಡಿಯಲೇಬೇಕು.

ಸಂಖ್ಯಾಶಾಸ್ತ್ರದಲ್ಲಿ ನನಗೆ ಬಂದಿರುವುದು ಸಿ ಗ್ರೇಡು. ಆದರೆ ಈ ಲೆಕ್ಕ ಬೋರ್ಡು ತೋರಿಸುವ ಮುಂಚೆಯೇ ನನ್ನ ತಲೆಯಲ್ಲಿ ಮುಗಿದಿತ್ತು: ಬೇಕಾದದ್ದು 9.875.

ನನ್ನ ಜಿಗಿತ 9.95ರಿಂದ ಶುರು. ಕಳೆದುಕೊಳ್ಳಬಹುದಾದದ್ದು ಏಳೂವರೆ ನೂರನೇ ಭಾಗ. ಒಂದು ಪುಟಿತ, ಬಾಗಿದ ಒಂದು ಬೆರಳು, ಮುಗಿಯಿತು. ಲೆಕ್ಕಕ್ಕೆ ಬಂದ ಆರು ಸ್ಪರ್ಧೆಗಳಲ್ಲಿ ನನ್ನ ಅತ್ಯುತ್ತಮ 9.850. ಡ್ಯಾನಿಕಾಳ ಜಿಗಿತ ಹತ್ತರಿಂದ. ಅವಳು ಹನ್ನೆರಡೂವರೆ ಕಳೆದುಕೊಳ್ಳಬಹುದು. ಒಂದು ಹೆಜ್ಜೆ ಇಟ್ಟರೂ ನಡೆಯುತ್ತದೆ. ಮೇಜು ಮುಟ್ಟಿ ನಿಂತರೆ ಸೊನ್ನೆ.

ಕೋಚ್ ನನ್ನ ಮುಂದೆ ಬಂದು ನಿಂತರು. ನನ್ನನ್ನೊಮ್ಮೆ, ಡ್ಯಾನಿಕಾಳನ್ನೊಮ್ಮೆ ನೋಡಿದರು.

"ಅವಳನ್ನ ಕಳಿಸಿ" ಅಂದೆ.

"ಸಿಗ್ರಿಡ್."

"ನಂದು ಎಂಬತ್ತೈದು ಕೋಚ್. ಅವಳದು ತೊಂಬತ್ತು ಆಗುತ್ತೆ. ಬರೀ ಲೆಕ್ಕ ಇದು."

"ನಿಂತ್ರೆ?"

"ಎಪ್ಪತ್ತಾರೂವರೆಯಲ್ಲಿ ನಾನಿರ್ತೀನಿ."

ಕೋಚ್ ನನ್ನ ಹೆಗಲು ಒಂದು ಸಲ ಹಿಡಿದು ಬಿಟ್ಟು, ಬದಲಿ ಚೀಟಿ ಹಿಡಿದು ಜಡ್ಜ್‌ಗಳ ಮೇಜಿನ ಕಡೆ ನಡೆದರು. ಡ್ಯಾನಿಕಾ ಕುರ್ಚಿಯ ಮೇಲೆ ಪ್ರಭುಗಳನ್ನು ಇಟ್ಟು ಎದ್ದಳು. ಮುಖ ಸುಣ್ಣದ ಬಣ್ಣ.

"ಸಿಗ್, ನನ್ನ ಕೈಲಿ ಆಗಲ್ಲ."

"ಆಗದೆ ಇದ್ರೆ ನಿಲ್ಲು. ಮುಟ್ಟಬೇಡ, ಹಲಗೆ ಬರೋಕೆ ಮುಂಚೆ ನಿಲ್ಲು, ಇನ್ನೊಂದು ಓಟ ಕೊಡ್ತಾರೆ. ಯಾರೂ ನಗಲ್ಲ. ನಕ್ಕವರ ಹೆಸರು ಬರ್ಕೋತೀನಿ."

ತಂಡದವರು ಪಟ್ಟಿಯ ಉದ್ದಕ್ಕೂ ಸಾಲಾಗಿ ನಿಲ್ಲುವುದು ವಾಡಿಕೆ, ಕೂಗಲು. ಎಲ್ಲರೂ ಮೇಜಿನ ಹತ್ತಿರ ನಿಂತರು. ನಾನು ಇನ್ನೊಂದು ತುದಿಗೆ ಹೋಗಿ ಟೇಪು ಓದಿದೆ. ಎಪ್ಪತ್ತಾರೂವರೆ. ಮತ್ತೆ ಓದಿದೆ. ಹೆಬ್ಬೆರಳು ಇಟ್ಟೆ. ನನಗೇ ಅನುಮಾನ ಬಂತು, ಮೂರನೇ ಸಲ ಓದಿದೆ. ಇಷ್ಟು ದಿನ ಅವಳಿಗೆ ಏನಾಗುತ್ತಿತ್ತು ಅಂತ ಆಗ ಅರ್ಥವಾಯಿತು.

"ಇದೇನಾ?" ಅಂದಳು.

"ಇದೇ."

ಹಸಿರು ಬಾವುಟ. ಅವಳು ಜಡ್ಜ್‌ಗೆ ಕೈ ಎತ್ತಿದಳು. ಓಡಿದಳು. ಒಂದು. ಎರಡು. ಎಡ ಭುಜ ಮೇಲೆ ಬಂತು. ಸ್ವಲ್ಪವೇ, ಆದರೆ ಬಂತು. ನಿಲ್ಲು, ನಿಲ್ಲು, ಮುಟ್ಟಬೇಡ ಅಂತ ಕೂಗಲು ಬಾಯಿ ತೆಗೆದೆ. ಮೂರನೇ ಹೆಜ್ಜೆ ಬಿತ್ತು.

ಗಟ್ಟಿಯಾಗಿ.

ಆಮೇಲೆ ನಾನು ನೋಡಿದ್ದು ಅವಳ ಬೆನ್ನು ಮಾತ್ರ, ಮೇಲೆ, ದೀಪಗಳ ಹತ್ತಿರ. ಇಳಿದಳು. ಒಂದು ಹೆಜ್ಜೆ ಮುಂದೆ. ನಿಂತಳು. ಕೈ ಎತ್ತಿದಳು.

ಅಂಕ ಬರಲು ಎಷ್ಟು ಹೊತ್ತಾಯಿತೋ. ಒಬ್ಬ ಜಡ್ಜ್ 9.85. ಇನ್ನೊಬ್ಬರು 9.90. ಎರಡರ ಸರಾಸರಿ ಮಾಡಲು ಸಿ ಸಾಕು.

ಕಟ್ಟಡ ಕುಸಿದ ಹಾಗೆ ಸದ್ದು. ಎಲ್ಲರೂ ಅವಳ ಮೇಲೆ ಬಿದ್ದರು. ಇಮಾನಿ ಅಳುತ್ತಿದ್ದಳು. ನಾನೂ ಓಡಬೇಕು ಅಂತಿದ್ದೆ, ಕೋಚ್ ಅಡ್ಡ ಬಂದರು. ಅವರ ಕಣ್ಣೂ ಕೆಂಪಾಗಿತ್ತು.

"ಎಲ್ಲಿಗೆ? ನಿಂದು ಬಾಕಿ ಇದೆ. ಏಳನೆಯವಳು ನೀನು."

ಹಾಗಾಗಿ ಹೋದೆ. ಎಪ್ಪತ್ತಮೂರು ಅಡಿ. ಬಗ್ಗಿ ನನ್ನ ಗೆರೆ ಎಳೆದೆ. ಅಂಕದ ಬೋರ್ಡು ಆಗಲೇ ಇನ್ನೊಂದು ತಂಡದ್ದು ತೋರಿಸುತ್ತಿತ್ತು. ಜನ ಎದ್ದು ನಿಂತು ಒಬ್ಬರನ್ನೊಬ್ಬರು ತಬ್ಬಿಕೊಳ್ಳುತ್ತಿದ್ದರು. ಹಸಿರು ಬಾವುಟ ಎತ್ತಿದ ಜಡ್ಜ್ ಕೂಡ ತಲೆ ಬಗ್ಗಿಸಿ ಏನೋ ಬರೆಯುತ್ತಿದ್ದರು. ಒಂದು ಜೋಕು ಹೇಳೋಣವೆಂದರೆ ಕೇಳುವವರಿಲ್ಲ. ಓಡಿದೆ. ಯಾರೂ ಅಟ್ಟಿಸಿಕೊಂಡು ಬರಲಿಲ್ಲ. ಮೇಲೆ ಹೋದೆ, ಸುತ್ತಿದೆ, ನೆಲ ನಿಧಾನವಾಗಿ ನನ್ನ ಕಡೆಗೆ ಬಂತು, ಅದರ ಮೇಲೆ ನಿಂತೆ.

ಹೆಜ್ಜೆ ಇಲ್ಲ. ಪುಟಿತ ಇಲ್ಲ. ಎಡಗೈಯೂ ಆಡಲಿಲ್ಲ. ಐದು ಎಣಿಸುವವರೆಗೂ ನಿಂತೇ ಇದ್ದೆ, ಯಾರಾದರೂ ನೋಡಲಿ ಅಂತಲ್ಲ, ಕದಲಲು ಮನಸ್ಸಿರಲಿಲ್ಲ.

ಆಮೇಲೆ ತಿರುಗಿದೆ. ಪಟ್ಟಿಯ ಆ ತುದಿಯಲ್ಲಿ, ಎಪ್ಪತ್ತಮೂರು ಅಡಿಯಲ್ಲಿ, ಸರಿಯಾಗಿ ನನ್ನ ಗೆರೆಯ ಮೇಲೆ, ಪ್ಲಂಜರ್ ನಿಂತಿತ್ತು. ಒತ್ತಿ ಅಂಟಿಸಿದ್ದರು, ಅಲ್ಲಾಡದ ಹಾಗೆ. ಪಕ್ಕದಲ್ಲಿ ಯಾರೂ ಇಲ್ಲ. ತಂಡ ಇನ್ನೂ ಒಂದು ಗುಡ್ಡೆಯಾಗಿ ಕುಣಿಯುತ್ತಿತ್ತು. ಡ್ಯಾನಿಕಾ ಅದರೊಳಗೆ, ನನಗೆ ಬೆನ್ನು ತೋರಿಸಿಕೊಂಡು, ಏನೂ ಅರಿಯದವಳ ಹಾಗೆ. ಪ್ಲಂಜರಿನ ಹಿಡಿಯ ಮೇಲೆ ಐದು ಬೆರಳಿನ ಸುಣ್ಣದ ಗುರುತು.

ಲೆಕ್ಕಕ್ಕಿಲ್ಲದ ಅಂಟಿಗೆ ಕೊಡುವ ಹಾಗಿಲ್ಲ ಅನ್ನುವುದು ನಿಯಮ. ನಿಯಮ ಮುರಿದವಳ ಮೇಲೆ ಕ್ರಮ ಕೈಗೊಳ್ಳಬೇಕು. ಕಿತ್ತುಕೊಂಡು ಬರಲು ಎರಡು ಕೈ ಬೇಕಾಯಿತು.

ಹೂಗುಚ್ಛ ಕೊಡುವಾಗ ಅಮ್ಮ ಕೆಳಗೆ ಬಂದಳು. ಹದಿನಾರು ವರ್ಷದಿಂದ ನನ್ನ ಒಂದು ಜಿಗಿತವನ್ನೂ ಬಿಡದೆ ಕಳೆದವಳು.

"ಹೇಳು ಅಮ್ಮ. ಎಷ್ಟು ಕಳೆದೆ?"

ಅವಳು ನನ್ನ ಕೂದಲಿನ ಸುಣ್ಣ ಒರೆಸಿದಳು. ಮತ್ತೆ ಒರೆಸಿದಳು.

"ಕಣ್ಣು ಮುಚ್ಚಿಕೊಂಡಿದ್ದೆ ಕಣೇ" ಅಂದಳು. "ನೋಡೋಕೆ ಆಗ್ಲಿಲ್ಲ."

ಮಾರ್ಚ್ 23, ಭಾನುವಾರ

ನೀಲಿ ಪುಸ್ತಕದಲ್ಲಿ ಇವತ್ತು ತುಂಬಿದ್ದು.

ನಿದ್ದೆ: ಐದು ಗಂಟೆ. ನೋವು: ಎಡ ಹಿಮ್ಮಡಿ. ಊಟ: ಅಮ್ಮ ಮನೆಯಿಂದ ತಂದ ಹಾಟ್‌ಡಿಶ್, ಉಪ್ಪು ಕಡಿಮೆ, ಏನೂ ಕಳೆದಿಲ್ಲ.

ಭಯ: ಇತ್ತು. ಅವಳ ಮೂರನೇ ಹೆಜ್ಜೆ ಬೀಳುವವರೆಗೂ.